ಗೀಸರ್ ಬದಲಿಸುವ ಮುನ್ನ: ಒತ್ತಡ, ಕರೆಂಟ್, ಹೊಗೆ

ಸ್ನಾನದ ಮನೆಯ ಗೀಸರ್‌ನಲ್ಲಿ ಒತ್ತಡಕ್ಕೆ ಸಿಕ್ಕ ಬಿಸಿನೀರು ಮತ್ತು ಭಾರೀ ಕರೆಂಟ್ ಒಂದೇ ಡಬ್ಬಿಯೊಳಗೆ ಇರುತ್ತವೆ. ಅದರ ಕೆಳಗೆ ಒದ್ದೆ ಮೈಯಲ್ಲಿ, ಬರಿಗಾಲಲ್ಲಿ ಮನುಷ್ಯರು ನಿಲ್ಲುತ್ತಾರೆ. ಗ್ಯಾಸ್ ಗೀಸರ್ ಆದರೆ ಕರೆಂಟಿನ ಜಾಗದಲ್ಲಿ ಬೆಂಕಿ ಮತ್ತು ಹೊಗೆ. ಹಾಗಾಗಿ ಹಳೆಯದು ಕೆಟ್ಟಾಗ ಹೊಸದನ್ನು ತಂದು ಅದೇ ಗೋಡೆಗೆ ನೇತುಹಾಕಿ, ಅದೇ ಪ್ಲಗ್ ಚುಚ್ಚಿಬಿಟ್ಟರೆ ಕೆಲಸ ಮುಗಿಯುವುದಿಲ್ಲ. ಹೆಚ್ಚಾದ ಒತ್ತಡ ಹೊರಹೋಗಲು, ಸೋರಿದ ಕರೆಂಟ್ ನೆಲ ಸೇರಲು, ಸುಟ್ಟ ಅನಿಲ ಮನೆಯಾಚೆ ಹೋಗಲು ದಾರಿ ಇದೆಯೇ ಎಂದು ನೋಡಿಕೊಂಡರೆ ಮಾತ್ರ ಅದು ಸುರಕ್ಷಿತ ಬದಲಾವಣೆ.

ರಿಪೇರಿಯೋ, ಬದಲಾವಣೆಯೋ

ಗೀಸರ್‌ನ ಎಲ್ಲ ತೊಂದರೆಗೂ ಹೊಸ ಗೀಸರ್ ಬೇಕಿಲ್ಲ. ನೀರು ಬಿಸಿಯಾಗದಿದ್ದರೆ ಎಲಿಮೆಂಟ್ ಅಥವಾ ಥರ್ಮೋಸ್ಟಾಟ್ ಹೋಗಿರಬಹುದು. ಎರಡನ್ನೂ ಬಿಡಿಯಾಗಿ ಬದಲಿಸಬಹುದು. ಒಳಗಿನ ಟ್ಯಾಂಕೇ ತೂತಾಗಿ ನೀರು ಸೋರುತ್ತಿದ್ದರೆ ಮಾತ್ರ ಅದನ್ನು ಬೆಸುಗೆ ಹಾಕಿಸಿ ಬಳಸುವುದು ಸರಿಯಲ್ಲ, ಗೀಸರನ್ನೇ ಬದಲಿಸಬೇಕು. ಬಿಸಿನೀರಿನ ನಲ್ಲಿಯಲ್ಲಿ ಮಾತ್ರ ತುಕ್ಕಿನ ಬಣ್ಣದ ನೀರು ಬರುವುದು ಒಳಟ್ಯಾಂಕ್ ಸವೆಯುತ್ತಿರುವುದರ ಸೂಚನೆ.

ಕೊಳವೆಬಾವಿ ನೀರು ಬಳಸುವ ಊರುಗಳಲ್ಲಿ ಇಂಥ ತೊಂದರೆಗಳು ಬೇಗ ಕಾಣಿಸುತ್ತವೆ. ಕೋಲಾರ, ತುಮಕೂರಿನಂಥ ಬಯಲುಸೀಮೆಯ ಊರುಗಳಲ್ಲಿ, ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಅನೇಕ ಕಡೆ ಸಿಗುವುದು ಗಡಸು ನೀರು. ಅದನ್ನು ಕಾಯಿಸಿದಾಗ ಸುಣ್ಣದಂಶ ಬೇರ್ಪಟ್ಟು ಎಲಿಮೆಂಟ್ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ಪದರ ದಪ್ಪವಾದಷ್ಟೂ ಶಾಖ ನೀರಿಗೆ ದಾಟುವುದು ತಡವಾಗುತ್ತದೆ, ಎಲಿಮೆಂಟ್ ಒಳಗೊಳಗೇ ಕಾದು ಬಿರುಕು ಬಿಡುತ್ತದೆ. ಗೀಸರ್‌ನಿಂದ ಟಪಟಪ ಸದ್ದು ಬರುವುದು, ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವುದು ಇದರ ಲಕ್ಷಣ. ನಲ್ಲಿ ಮುಟ್ಟಿದಾಗ ಕೈ ಜುಮ್ಮೆಂದರೆ ಮಾತ್ರ ಕಾಯಬಾರದು. ಆ ಕ್ಷಣವೇ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ಪರೀಕ್ಷೆಯಾಗುವವರೆಗೆ ಗೀಸರ್ ಬಳಸಬಾರದು.

ಆಯ್ಕೆ

ಮಾರುಕಟ್ಟೆಯಲ್ಲಿ ಸಿಗುವ ಶೇಖರಣೆಯ ಗೀಸರ್‌ಗಳು ಸಾಮಾನ್ಯವಾಗಿ 6, 10, 15, 25 ಲೀಟರ್ ಅಳತೆಯವು. ಹೆಚ್ಚಿನವುಗಳಲ್ಲಿ 2000 ವಾಟ್‌ನ ಎಲಿಮೆಂಟ್ ಇರುತ್ತದೆ. ಅಡುಗೆಮನೆಗೆ ಹಾಕುವ 3 ಲೀಟರ್‌ನ ‘ಇನ್‌ಸ್ಟಂಟ್’ ಗೀಸರ್ ಚಿಕ್ಕದಾದರೂ 3000 ವಾಟ್ ಎಳೆಯುತ್ತದೆ. 25 ಡಿಗ್ರಿಯ 15 ಲೀಟರ್ ನೀರನ್ನು 60 ಡಿಗ್ರಿಗೆ ಕಾಯಿಸಲು 2000 ವಾಟ್ ಎಲಿಮೆಂಟ್‌ಗೆ ಸುಮಾರು 20 ನಿಮಿಷ ಸಾಕು, 25 ಲೀಟರ್‌ಗೆ ಅರ್ಧ ಗಂಟೆ. ಆ ಅರ್ಧ ಗಂಟೆಗೆ ಖರ್ಚಾಗುವುದು ಹೆಚ್ಚುಕಡಿಮೆ 1 ಯೂನಿಟ್. ಬೆಳಗಾಗುವವರೆಗೆ ಗೀಸರ್ ಹಾಕಿಡುವ ಅಗತ್ಯವಿಲ್ಲ ಎಂಬುದು ಈ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಕೊಳ್ಳುವಾಗ ಐಎಸ್‌ಐ ಗುರುತು ಕಡ್ಡಾಯವಾಗಿ ನೋಡಬೇಕು. ಶೇಖರಣೆಯ ವಿದ್ಯುತ್ ಗೀಸರ್‌ಗೆ ಅನ್ವಯಿಸುವ ಭಾರತೀಯ ಮಾನಕ ಐಎಸ್ 2082. ಸ್ಟಾರ್ ಲೇಬಲ್ ಹೇಳುವುದು ಕಾದ ನೀರು ಸುಮ್ಮನೆ ನಿಂತಾಗ ಎಷ್ಟು ಶಾಖ ಸೋರಿಹೋಗುತ್ತದೆ ಎಂಬುದನ್ನು. ಸ್ಟಾರ್ ಹೆಚ್ಚಿದ್ದಷ್ಟೂ ಸೋರಿಕೆ ಕಡಿಮೆ. ಗಡಸು ನೀರಿನ ಮನೆಗಳಿಗೆ ಒಳಮೈಗೆ ಗಾಜಿನ ಲೇಪವಿರುವ ಟ್ಯಾಂಕ್ ಒಳ್ಳೆಯದು. ಬಹುಮಹಡಿ ಕಟ್ಟಡಗಳಲ್ಲಿ, ಪ್ರೆಷರ್ ಪಂಪ್ ಇರುವ ಮನೆಗಳಲ್ಲಿ ಟ್ಯಾಂಕ್ ತಡೆಯಬಲ್ಲ ಒತ್ತಡವನ್ನೂ ಗಮನಿಸಬೇಕು. ಮೇಲಿನ ತೊಟ್ಟಿ ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಕೊಡುತ್ತದೆ. 8 ಬಾರ್ ಎಂದು ಬರೆದಿರುವ ಗೀಸರ್ ಇಂಥ ಕಟ್ಟಡಗಳಿಗೆ ಹೊಂದುತ್ತದೆ.

ಬಿಚ್ಚುವುದು, ಕೂರಿಸುವುದು

ಮೊದಲ ಕೆಲಸ ಎಂಸಿಬಿ ಇಳಿಸುವುದು. ಗೀಸರ್‌ನ ಸ್ವಿಚ್ ಆರಿಸಿದ್ದಷ್ಟೇ ಸಾಲದು. ವೈರಿಂಗ್ ತಪ್ಪಾಗಿದ್ದರೆ ಸ್ವಿಚ್ ಆರಿದ್ದರೂ ಒಳಗೆ ಕರೆಂಟ್ ಇರಬಹುದು. ಆಮೇಲೆ ನೀರು ತಣಿಯಲು ಬಿಡಬೇಕು. ತಣ್ಣೀರು ಒಳಹೋಗುವ ಆಂಗಲ್ ಕಾಕ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದಿಟ್ಟು, ಟ್ಯಾಂಕಿನ ನೀರನ್ನು ಪೂರ್ತಿ ಬಸಿಯಬೇಕು. 25 ಲೀಟರ್ ಗೀಸರ್‌ನಲ್ಲಿ ನೀರೇ 25 ಕಿಲೋ ತೂಗುತ್ತದೆ, ಡಬ್ಬಿಯ ತೂಕ ಬೇರೆ. ನೀರಿರುವಾಗಲೇ ಇಳಿಸಲು ಹೋಗಿ ಸ್ಟೂಲ್ ಮೇಲಿಂದ ಬೀಳುವ ಅಪಾಯವಿದೆ. ಇಳಿಸುವಾಗ ಇಬ್ಬರು ಇರಬೇಕು.

ಹೊಸದನ್ನು ಕೂರಿಸುವಾಗ ಹಳೆಯ ತೂತು, ಹಳೆಯ ಬೋಲ್ಟ್‌ಗಳನ್ನೇ ನಂಬಬಾರದು. ಗಟ್ಟಿ ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಯಾದರೆ ಆಂಕರ್ ಬೋಲ್ಟ್ ಸಾಕು. ಟೊಳ್ಳು ಬ್ಲಾಕ್‌ನ ಗೋಡೆಯಾದರೆ ಆಚೆ ಬದಿಗೆ ತೂರಿ ಬರುವ ಬೋಲ್ಟ್ ಹಾಕಿ ಹಿಂಬದಿಯಲ್ಲಿ ಪಟ್ಟಿ ಕೊಡಬೇಕು. ಬಿಸಿನೀರಿನ ಸಾಲಿಗೆ ಸಿಪಿವಿಸಿ ಇಲ್ಲವೇ ಲೋಹದ ಪೈಪೇ ಆಗಬೇಕು. ತಣ್ಣೀರಿಗೆ ಹಾಕುವ ಸಾದಾ ಪಿವಿಸಿ ಬಿಸಿಗೆ ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ. ನೀಲಿ ಗುರುತಿನ ಬಾಯಿ ತಣ್ಣೀರಿಗೆ, ಕೆಂಪು ಗುರುತಿನದು ಬಿಸಿನೀರಿಗೆ. ಇವು ಅದಲುಬದಲಾದರೆ ಗೀಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಒತ್ತಡಕ್ಕೆ ದಾರಿ

ನೀಲಿ ಬಾಯಿಗೆ ಕೂರುವ ಪುಟ್ಟ ಹಿತ್ತಾಳೆಯ ಸೇಫ್ಟಿ ವಾಲ್ವ್ ಇಡೀ ಗೀಸರ್‌ನ ಪ್ರಾಣರಕ್ಷಕ. ನೀರು ಕಾದಂತೆ ಹಿಗ್ಗುತ್ತದೆ. 20 ಡಿಗ್ರಿಯಿಂದ 70 ಡಿಗ್ರಿಗೆ ಏರಿದಾಗ ಅದರ ಗಾತ್ರ ಶೇ. 2ರಷ್ಟು ಹೆಚ್ಚುತ್ತದೆ, ಅಂದರೆ 25 ಲೀಟರ್ ಟ್ಯಾಂಕಿನಲ್ಲಿ ಅರ್ಧ ಲೀಟರ್ ನೀರಿಗೆ ಜಾಗ ಸಾಲುವುದಿಲ್ಲ. ವಾಲ್ವ್ ಬಿಸಿನೀರು ತಣ್ಣೀರಿನ ಸಾಲಿಗೆ ವಾಪಸ್ ಹೋಗದಂತೆ ತಡೆಯುತ್ತದೆ, ಒತ್ತಡ ಮಿತಿ ಮೀರಿದಾಗ ಆ ನೀರನ್ನು ಹೊರಗೆ ಬಿಡುತ್ತದೆ. ಗೀಸರ್ ಹಾಕಿದಾಗ ವಾಲ್ವ್‌ನಿಂದ ತೊಟ್ಟಿಕ್ಕುವ ಹನಿಗಳು ಹೀಗೆ ಬಂದವು. ಅದನ್ನು ಸೋರಿಕೆ ಎಂದು ತಿಳಿದು ಎಂಸೀಲ್ ಅಂಟು ಮೆತ್ತಿ ಮುಚ್ಚುವವರಿದ್ದಾರೆ. ಅದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ.

ಥರ್ಮೋಸ್ಟಾಟ್ ಕೈಕೊಟ್ಟರೆ ಕರೆಂಟ್ ಕಡಿಯಲು ಒಳಗೆ ಥರ್ಮಲ್ ಕಟೌಟ್ ಇರುತ್ತದೆ. ಅದೂ ಕೈಕೊಟ್ಟು, ವಾಲ್ವ್ ಕೂಡ ಮುಚ್ಚಿಹೋಗಿದ್ದರೆ ನೀರು 100 ಡಿಗ್ರಿ ದಾಟಿ ಕಾಯುತ್ತದೆ, ಟ್ಯಾಂಕ್ ಸಿಡಿದಾಗ ಒಮ್ಮೆಲೇ ಆವಿಯಾಗಿ ಗೋಡೆ ಒಡೆಯುವಷ್ಟು ಬಲದಿಂದ ನುಗ್ಗುತ್ತದೆ. ವಾಲ್ವ್‌ನ ಬಾಯಿಗೆ ಸಣ್ಣ ಕೊಳವೆ ಸಿಕ್ಕಿಸಿ ನೆಲದ ಕಡೆಗೆ ಇಳಿಬಿಟ್ಟರೆ ಹನಿ ಮೈಮೇಲೆ ಬೀಳುವುದೂ ತಪ್ಪುತ್ತದೆ, ದಾರಿಯೂ ತೆರೆದಿರುತ್ತದೆ. ಸೋಲಾರ್ ಟ್ಯಾಂಕಿನ ಮೇಲೆ ಆಕಾಶಕ್ಕೆ ನಿಂತಿರುವ ಏರ್ ಪೈಪ್‌ನ ಕೆಲಸವೂ ಇಂಥದ್ದೇ, ಅದನ್ನೂ ಮುಚ್ಚಬಾರದು.

ಕರೆಂಟಿಗೆ ದಾರಿ

2000 ವಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ, 3000 ವಾಟ್‌ನದು 13 ಆಂಪಿಯರ್. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್‌ಗೆ, ಎಕ್ಸ್‌ಟೆನ್ಷನ್ ಬೋರ್ಡಿಗೆ ಇದು ಹೊಂದುವುದಿಲ್ಲ. ಗೀಸರ್‌ಗೆ 16 ಆಂಪಿಯರ್ ಸಾಕೆಟ್, ಅದಕ್ಕೇ ಮೀಸಲಾದ ಎಂಸಿಬಿ, 2000 ವಾಟ್‌ಗೆ 2.5 ಚದರ ಮಿಲಿಮೀಟರಿನ ಮತ್ತು 3000 ವಾಟ್‌ಗೆ 4 ಚದರ ಮಿಲಿಮೀಟರಿನ ತಾಮ್ರದ ವೈರ್ ಇರಬೇಕು. ಹಳೆಯ ಸಾಕೆಟ್ ಕಪ್ಪಾಗಿದ್ದರೆ, ಪ್ಲಗ್ ಬಿಸಿಯಾಗುತ್ತಿದ್ದರೆ ಗೀಸರ್ ಜೊತೆಗೆ ಅದನ್ನೂ ಬದಲಿಸಬೇಕು. ಸ್ವಿಚ್ ಸ್ನಾನದ ಮನೆಯ ಹೊರಗಿರುವುದು ಒಳ್ಳೆಯದು.

ಎಲಿಮೆಂಟ್ ಬಿರುಕು ಬಿಟ್ಟಾಗ ಕರೆಂಟ್ ನೀರಿಗೂ ಲೋಹದ ಟ್ಯಾಂಕಿಗೂ ಹರಿಯುತ್ತದೆ. ಪ್ಲಗ್‌ನ ದಪ್ಪ ಪಿನ್‌ಗೆ ಸೇರಿದ ಅರ್ಥ್ ವೈರ್ ಅದನ್ನು ನೆಲಕ್ಕೆ ಒಯ್ಯಬೇಕು. ಎಷ್ಟೋ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ಥ್ ವೈರ್ ಇರುವುದಿಲ್ಲ. ಇದ್ದರೂ ಅಂಗಳದ ಅರ್ಥಿಂಗ್ ಗುಂಡಿ ಒಣಗಿ ಕೆಲಸಕ್ಕೆ ಬಾರದಂತಾಗಿರುತ್ತದೆ. ಕೆಲವೆಡೆ ಅರ್ಥ್ ಬದಲು ನ್ಯೂಟ್ರಲ್‌ಗೇ ತಂತಿ ಕೂಡಿಸಿರುತ್ತಾರೆ. ನ್ಯೂಟ್ರಲ್ ಎಲ್ಲಾದರೂ ತುಂಡಾದರೆ ಆಗ ಗೀಸರ್‌ನ ಮೈಯೆಲ್ಲ ಕರೆಂಟ್. ಹೊಸ ಗೀಸರ್ ಹಾಕುವ ದಿನ ಪರವಾನಗಿ ಇರುವ ವೈರ್‌ಮನ್‌ನಿಂದ ಅರ್ಥಿಂಗನ್ನು ಅಳೆಸಿ ನೋಡುವುದು ಇದೇ ಕಾರಣಕ್ಕೆ.

ಅರ್ಥ್ ಜೊತೆಗೆ ಬೇಕಾದದ್ದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ. ಎಂಸಿಬಿ ವೈರಿಂಗನ್ನು ಕಾಪಾಡುತ್ತದೆ, ಮನುಷ್ಯರನ್ನು ಕಾಪಾಡುವುದು ಆರ್‌ಸಿಸಿಬಿ. ಹೋದ ಕರೆಂಟ್ ಪೂರ್ತಿ ವಾಪಸ್ ಬರದಿದ್ದರೆ ಅದು ಕಣ್ಣೆವೆ ಮುಚ್ಚುವುದರೊಳಗೆ ಸಂಪರ್ಕ ಕಡಿಯುತ್ತದೆ. ಗೀಸರ್ ಹಾಕಿದಾಗಲೆಲ್ಲ ಅದು ಬೀಳುತ್ತಿದ್ದರೆ ದೋಷ ಗೀಸರ್‌ನಲ್ಲಿದೆ ಎಂದರ್ಥ; ಕಾಟ ತಪ್ಪಿಸಲು ಆರ್‌ಸಿಸಿಬಿಯನ್ನೇ ತೆಗೆಸಿದರೆ ಎಚ್ಚರಿಕೆ ಕೊಡುವವರು ಯಾರೂ ಉಳಿಯುವುದಿಲ್ಲ.

ಮೊದಲ ಸಲ ಸ್ವಿಚ್ ಹಾಕುವ ಮುಂಚೆ ಬಿಸಿನೀರಿನ ನಲ್ಲಿ ತೆರೆದು, ಗಾಳಿ ಹೋಗಿ ನೀರು ಒಂದೇ ಸಮ ಬರುವವರೆಗೆ ಟ್ಯಾಂಕ್ ತುಂಬಿಸಬೇಕು. ಖಾಲಿ ಟ್ಯಾಂಕಿನಲ್ಲಿ ಎಲಿಮೆಂಟ್ ಬೇಗ ಸುಟ್ಟುಹೋಗುತ್ತದೆ. ಜಾಯಿಂಟ್‌ಗಳಲ್ಲಿ ಹನಿ ಇಲ್ಲವೆಂದು ಖಚಿತವಾದ ಮೇಲೆ ಸ್ವಿಚ್ ಹಾಕಿ, ಕಾದ ಬಳಿಕ ದೀಪ ತಾನಾಗಿ ಆರುತ್ತದೆಯೇ ಎಂದು ನೋಡಬೇಕು. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬಿಡುವ ರೂಢಿ ಮಕ್ಕಳಿರುವ ಮನೆಯಲ್ಲಿ ತಪ್ಪಬಾರದು.

ಹೊಗೆಗೆ ದಾರಿ

ಗ್ಯಾಸ್ ಗೀಸರ್‌ನ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಗಾಳಿ ಸಾಲದಾದಾಗ ಉರಿ ಅರೆಬರೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಅನಿಲಕ್ಕೆ ಬೆರೆಸಿದ ಘಾಟು ಉರಿಯುವಾಗ ಸುಟ್ಟುಹೋಗುವುದರಿಂದ ಮೂಗಿನಿಂದ ತಿಳಿಯುವುದಿಲ್ಲ.

ನಿಮಿಷಕ್ಕೆ 6 ಲೀಟರ್ ನೀರು ಕೊಡುವ ಗೀಸರ್ ಗಂಟೆಗೆ ಸುಮಾರು 1 ಕಿಲೋ ಎಲ್‌ಪಿಜಿ ಸುಡುತ್ತದೆ. ಅದಕ್ಕೆ 12ರಿಂದ 13 ಘನ ಮೀಟರ್ ಗಾಳಿ ಬೇಕು. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರದ ಸ್ನಾನದ ಮನೆಯಲ್ಲಿರುವ ಒಟ್ಟು ಗಾಳಿ ಸುಮಾರು 8 ಘನ ಮೀಟರ್. ಬಾಗಿಲು, ಕಿಟಕಿ ಬಿಗಿಯಾಗಿ ಮುಚ್ಚಿ 10 ನಿಮಿಷ ನೀರು ಬಿಟ್ಟರೆ ಅಲ್ಲಿನ ಆಮ್ಲಜನಕದಲ್ಲಿ ಕಾಲು ಭಾಗದಷ್ಟು ಖರ್ಚಾಗುತ್ತದೆ. ಉರಿ ಕೆಡಲು ಅಷ್ಟೂ ಬೇಕಿಲ್ಲ. ಹುಟ್ಟಿದ ವಿಷಾನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ; ಸ್ವಲ್ಪದರಲ್ಲೇ ಕೈಕಾಲು ಸೋತು, ಚಿಲಕ ತೆಗೆಯಲೂ ಆಗದೆ ಕುಸಿಯುತ್ತಾರೆ.

ಆದ್ದರಿಂದ ಬದಲಿಸುವ ಹೊತ್ತಿನಲ್ಲಿ ಗ್ಯಾಸ್ ಗೀಸರನ್ನು ಸ್ನಾನದ ಮನೆಯಿಂದ ಹೊರಗೆ ತರುವುದೇ ಅತಿ ಮುಖ್ಯ ತಿದ್ದುಪಡಿ. ತೆರೆದ ಬಾಲ್ಕನಿ ಅಥವಾ ಗಾಳಿಯಾಡುವ ಯುಟಿಲಿಟಿಯಲ್ಲಿ ಗೀಸರ್ ಇಟ್ಟು, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರಬೇಕು. ಒಳಗೇ ಇಟ್ಟು ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಲದು. ಗಾಳಿ ಒಳಬರುವ ದಾರಿಯಿಲ್ಲದಿದ್ದರೆ ಫ್ಯಾನ್‌ನಿಂದ ರಕ್ಷಣೆ ಸಿಗುವುದಿಲ್ಲ. ಸಿಲಿಂಡರ್ ಅನಿಲಕ್ಕೆ ಮಾಡಿದ ಗೀಸರನ್ನು ಪೈಪ್ ಅನಿಲಕ್ಕೆ ಹಾಗೇ ಜೋಡಿಸಬಾರದು, ಎರಡಕ್ಕೂ ಜೆಟ್ ಬೇರೆ. ಉರಿ ನೀಲಿಯಾಗಿರಬೇಕು, ಹಳದಿಗೆ ತಿರುಗಿದರೆ ಬಳಕೆ ನಿಲ್ಲಿಸಬೇಕು. ಕಿಟಕಿಯಿಲ್ಲದ ಬಚ್ಚಲಲ್ಲಿ ಇದ್ದಿಲಿನ ತಾಮ್ರದ ಬಾಯ್ಲರ್ ಉರಿಸುವುದಕ್ಕೂ ಇದೇ ಎಚ್ಚರಿಕೆ ಅನ್ವಯ.

ಯಾರಾದರೂ ಒಳಗೆ ಕುಸಿದಿದ್ದರೆ ಮೊದಲು ಬಾಗಿಲು ತೆರೆದು ಅವರನ್ನು ಬಯಲಿಗೆ ಎಳೆದು ತರಬೇಕು, ಗ್ಯಾಸ್ ಆರಿಸಬೇಕು, 108ಕ್ಕೆ ಕರೆ ಮಾಡಬೇಕು. ಉಸಿರಿಲ್ಲದಿದ್ದರೆ ಎದೆ ಒತ್ತುವ ಚಿಕಿತ್ಸೆ ಶುರುಮಾಡಬೇಕು. ಆಸ್ಪತ್ರೆಯಲ್ಲಿ ಗ್ಯಾಸ್ ಗೀಸರ್ ಇತ್ತೆಂದು ಮರೆಯದೆ ಹೇಳಬೇಕು. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಈ ವಿಷವನ್ನು ಆಮ್ಲಜನಕವೆಂದೇ ಓದಿ, ಎಲ್ಲ ಸರಿಯಿದೆ ಎಂದು ತೋರಿಸುತ್ತದೆ. ನಿಜ ಗೊತ್ತಾಗುವುದು ರಕ್ತಪರೀಕ್ಷೆಯಲ್ಲಿ. ಗ್ಯಾಸ್ ಸೋರುವ ವಾಸನೆ ಬಂದರೆ ಎಲ್‌ಪಿಜಿ ತುರ್ತು ಸಂಖ್ಯೆ 1906.

ವರ್ಷದ ಆರೈಕೆ

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ತಿಕ್ಕಿ ತೊಳೆಯುವ ಪದ್ಧತಿ ಕರ್ನಾಟಕದ ಮನೆಗಳಲ್ಲಿದೆ. ಚಳಿಗೆ ಮುಂಚಿನ ಅದೇ ಹೊತ್ತು ಗೀಸರ್ ತಪಾಸಣೆಗೂ ಹೇಳಿ ಮಾಡಿಸಿದ್ದು. ಟ್ಯಾಂಕ್ ಬಸಿದು ಸುಣ್ಣದ ಚೂರುಗಳನ್ನು ತೆಗೆಸಬೇಕು, ಎಲಿಮೆಂಟ್ ಸ್ವಚ್ಛ ಮಾಡಿಸಬೇಕು, ಮೆಗ್ನೀಸಿಯಂ ಆನೋಡ್ ಕಡ್ಡಿಯನ್ನು ನೋಡಬೇಕು. ಈ ಕಡ್ಡಿ ಟ್ಯಾಂಕಿನ ಬದಲು ತಾನು ಸವೆಯಲೆಂದೇ ಇರುವುದು. ಅದು ಕರಗಿ ಮುಗಿದ ಮೇಲೆ ತುಕ್ಕು ಟ್ಯಾಂಕಿಗೆ ಹಿಡಿಯುತ್ತದೆ. ಗಡಸು ನೀರಿನ ಊರಲ್ಲಿ ಒಂದೆರಡು ವರ್ಷಕ್ಕೇ ಬದಲಿಸಬೇಕಾಗಬಹುದು. ಸೇಫ್ಟಿ ವಾಲ್ವ್‌ನ ಹಿಡಿಕೆ ಎತ್ತಿದಾಗ ನೀರು ಚಿಮ್ಮಬೇಕು, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದಾಗ ಅದು ಬೀಳಬೇಕು, ಗ್ಯಾಸ್ ಗೀಸರ್‌ನ ರಬ್ಬರ್ ಪೈಪ್‌ನಲ್ಲಿ ಬಿರುಕು ಕಾಣಬಾರದು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಅದು ಸರಿಯಾಗುವವರೆಗೆ ಗೀಸರ್ ಹಾಕಬಾರದು.