ಸರಾಸರಿ ಸಂಬಳ ಏರಿತು, ಕೆಲಸ ಎಲ್ಲಿ?

ತುಮಕೂರಿನ ಸುತ್ತಮುತ್ತ ಒಂದು ಕಾರ್ಖಾನೆ ಇದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒಟ್ಟು ನೂರು ಜನ. ಎಂಬತ್ತು ಮಂದಿ ಯಂತ್ರಕ್ಕೆ ಬಿಡಿಭಾಗ ತುಂಬುವ, ತೆಗೆಯುವ, ಪ್ಯಾಕ್ ಮಾಡುವ ಕೆಲಸದವರು. ಅವರಿಗೆ ತಿಂಗಳಿಗೆ 14,000 ರೂಪಾಯಿ. ಇನ್ನುಳಿದ ಇಪ್ಪತ್ತು ಮಂದಿ ಸೆಟ್ಟರ್, ಮೇಂಟೆನೆನ್ಸ್, ಸೂಪರ್‌ವೈಸರ್‌ಗಳು, ಅವರಿಗೆ 30,000. ಸರಾಸರಿ ಸಂಬಳ 17,200. ಮರುವರ್ಷ ರೋಬೋಟ್ ಕೈಗಳು ಬಂದು ಎಂಬತ್ತರಲ್ಲಿ ನಲವತ್ತು ಮಂದಿಯ ಕೆಲಸ ಹೋಯಿತು. ಯಾರ ಸಂಬಳವೂ ಒಂದು ರೂಪಾಯಿ ಹೆಚ್ಚಲಿಲ್ಲ. ಆದರೂ ಉಳಿದ ಅರವತ್ತು ಮಂದಿಯ ಸರಾಸರಿ 19,333 ಆಗುತ್ತದೆ. ವರದಿ ಬರೆಯುವವರು ಇದನ್ನು ಶೇ. 12ರ ಏರಿಕೆ ಎಂದು ಬರೆಯಬಹುದು, ಕೂಡಿ ಭಾಗಿಸಿದ್ದರಲ್ಲಿ ತಪ್ಪೂ ಸಿಗದು. ಕಡಿಮೆ ಸಂಬಳದವರು ಪಟ್ಟಿಯಿಂದಲೇ ಹೊರಬಿದ್ದದ್ದರಿಂದ ಉಳಿದವರ ಸರಾಸರಿ ಮೇಲೆದ್ದಿದೆ, ಅಷ್ಟೇ.

ಯಾಂತ್ರೀಕರಣದ ಹಾನಿ ನಮ್ಮ ಅಂಕಿಅಂಶಗಳಲ್ಲಿ ಸುಲಭವಾಗಿ ಕಾಣಿಸದೇ ಇರುವುದಕ್ಕೆ ಇದು ಮೊದಲ ಕಾರಣ.

ಬೆಂಗಳೂರಿನಿಂದ 70 ಕಿ.ಮೀ. ದೂರದ ತುಮಕೂರಿಗೆ ಈ ಲೆಕ್ಕ ಯಾಕೆ ಮುಖ್ಯ ಎಂದು ಕೇಳಬಹುದು. ಅಂತರಸನಹಳ್ಳಿ, ಹಿರೇಹಳ್ಳಿಗಳ ಹಳೆಯ ಕೈಗಾರಿಕಾ ಪ್ರದೇಶಗಳ ಜೊತೆಗೆ ವಸಂತನರಸಾಪುರ ಬೆಳೆದಿದೆ. 2014ರಲ್ಲಿ ಅಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಕುಣಿಗಲ್ ತಾಲ್ಲೂಕಿನಲ್ಲಿ ಅಂಚೇಪಾಳ್ಯ ಇದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಲೋಕಾರ್ಪಣೆಯಾಯಿತು. ಊರಿನ ಹುಡುಗರಿಗೆ ಊರಲ್ಲೇ ಕೆಲಸ ಎಂಬ ನಿರೀಕ್ಷೆ ಸಹಜ. ಆದರೆ ಇಂದು ಕಟ್ಟುವ ಕಾರ್ಖಾನೆ ಇಂದಿನ ಯಂತ್ರಗಳನ್ನೇ ತರುತ್ತದೆ. ನಲವತ್ತು ವರ್ಷ ಹಿಂದಿನ ಕಾರ್ಖಾನೆ ಒಂದು ಎಕರೆಗೆ ಎಷ್ಟು ಜನರನ್ನು ಬೇಡುತ್ತಿತ್ತೋ ಅಷ್ಟು ಜನ ಇದಕ್ಕೆ ಬೇಕಾಗುವುದಿಲ್ಲ.

ಸಿಎನ್‌ಸಿ ಯಂತ್ರದ ಮುಂದೆ ನಿಂತ ಆಪರೇಟರ್‌ನ ಪಾಳಿಯನ್ನು ಹತ್ತಿರದಿಂದ ನೋಡಿ. ಬಾಗಿಲು ತೆರೆಯುತ್ತಾನೆ, ಗಾಳಿ ಊದಿ ಲೋಹದ ಚೂರು ತೆಗೆಯುತ್ತಾನೆ, ಸಿದ್ಧವಾದ ಭಾಗವನ್ನು ಬಿಚ್ಚುತ್ತಾನೆ, ಹೊಸದನ್ನು ಬಿಗಿಯುತ್ತಾನೆ, ಸ್ಟಾರ್ಟ್ ಗುಂಡಿ ಒತ್ತುತ್ತಾನೆ, ಆಗಾಗ ಒಂದು ತುಂಡನ್ನು ಮೈಕ್ರೋಮೀಟರ್‌ನಲ್ಲಿ ಅಳೆಯುತ್ತಾನೆ. ಇದರಲ್ಲಿ ಅಳತೆಯ ಕೆಲಸವನ್ನು ಕ್ಯಾಮೆರಾ ಮತ್ತು ಸೆನ್ಸರ್‌ಗಳು, ಉಳಿದದ್ದನ್ನು ರೋಬೋಟ್ ಕೈ ಮಾಡಬಲ್ಲವು. ಉಳಿಯುವುದು ಪ್ರೋಗ್ರಾಂ ತಿದ್ದುವವನ, ಟೂಲ್ ಬದಲಿಸುವವನ, ಕೆಟ್ಟಾಗ ಕಾರಣ ಹುಡುಕುವವನ ಕೆಲಸ. ಇಂಥ ಬದಲಾವಣೆಯಲ್ಲಿ ಸಾಮಾನ್ಯವಾಗಿ ಯಾರನ್ನೂ ವಜಾ ಮಾಡಬೇಕಾಗಿಲ್ಲ. ಗುತ್ತಿಗೆ ಮುಗಿದವರನ್ನು ಮತ್ತೆ ಕರೆಯದಿದ್ದರೆ, ಮುಂದಿನ ಐಟಿಐ ಬ್ಯಾಚಿನಿಂದ ಹತ್ತರ ಬದಲು ಮೂವರನ್ನು ತೆಗೆದುಕೊಂಡರೆ ಸಾಕು. ಕೆಲಸಕ್ಕೆ ಸೇರದೇ ಹೋದವನ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ.

ಕಾರ್ಖಾನೆಯ ಹೊರಗೂ ಇದು ನಡೆಯುತ್ತಿದೆ. ಗುಬ್ಬಿ ಕಡೆಯ ತೋಟಗಳಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಹೆಂಗಸರು ಅಡಿಕೆ ಸುಲಿಯುತ್ತಿದ್ದರು, ಸುಲಿದಷ್ಟಕ್ಕೆ ಕೂಲಿ. ಈಗ ಸುಲಿಯುವ ಯಂತ್ರಗಳು ಬಂದಿವೆ. ಆಳು ಸಿಗದ ಬೆಳೆಗಾರನಿಗೆ ಅವು ಬೇಕೇಬೇಕು, ಅವನನ್ನು ದೂರುವಂತಿಲ್ಲ. ಆದರೆ ಆ ಹೆಂಗಸರ ಹಂಗಾಮಿನ ಗಳಿಕೆ ಎಷ್ಟು ಕುಸಿಯಿತು ಎಂಬುದನ್ನು ಅಳೆಯಲು ಯಂತ್ರ ಬರುವ ಮುಂಚಿನ ಅಳತೆ ಬೇಕು. 2017ರಲ್ಲಿ ಆರಂಭವಾದ ಕೇಂದ್ರದ ಆವರ್ತಕ ಕಾರ್ಮಿಕ ಸಮೀಕ್ಷೆ 2025ರಿಂದ ಜಿಲ್ಲೆಯನ್ನು ಮೂಲ ಘಟಕವಾಗಿ ಇಟ್ಟುಕೊಂಡಿದೆ. ಅದು ಒಳ್ಳೆಯದೇ, ಆದರೂ ಒಂದು ತಾಲ್ಲೂಕಿನ ಒಂದು ಕಸುಬಿನ ಸರಾಸರಿ ಅದರಿಂದ ಹೊರಡದು.

ಎಷ್ಟು ಕೆಲಸ ಹೋಗಬಹುದು ಎಂಬುದಕ್ಕೆ ತಜ್ಞರಲ್ಲಿ ಒಮ್ಮತವಿಲ್ಲ. ಅಮೆರಿಕದ ಶೇ. 47ರಷ್ಟು ಉದ್ಯೋಗಗಳು ಅಪಾಯದಲ್ಲಿವೆ ಎಂದು 2013ರಲ್ಲಿ ಆಕ್ಸ್‌ಫರ್ಡಿನ ಫ್ರೇ ಮತ್ತು ಆಸ್ಬೋರ್ನ್ ಅಂದಾಜಿಸಿದರು. ಉದ್ಯೋಗವನ್ನು ಇಡಿಯಾಗಿ ನೋಡದೆ ಅದರೊಳಗಿನ ಬಿಡಿ ಕೆಲಸಗಳನ್ನು ಲೆಕ್ಕ ಹಾಕಿದ 2016ರ ಇನ್ನೊಂದು ಅಧ್ಯಯನಕ್ಕೆ ಶ್ರೀಮಂತ ದೇಶಗಳಲ್ಲಿ ಸಿಕ್ಕಿದ್ದು ಶೇ. 9. ಈ ಅನಿಶ್ಚಿತತೆಗೆ ಎಲ್ಲ ಸರ್ಕಾರಗಳೂ ಕೊಡುವ ಉತ್ತರ ತರಬೇತಿ. ಕರ್ನಾಟಕವೂ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೇರಿಸಿತು. 2022ರ ಜೂನ್‌ನಲ್ಲಿ ಅವು ಉದ್ಘಾಟನೆಯಾದವು. ಹೆಜ್ಜೆ ಸರಿಯಾಗಿದೆ. ತರಬೇತಿ ಫಲ ಕೊಡುತ್ತಿದೆಯೇ ಎಂದು ತಿಳಿಯುವುದು ಹೇಗೆ ಎಂಬಲ್ಲಿ ನನ್ನ ಆತಂಕ.

ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಊಹಾ ಪರೀಕ್ಷೆ ಎಂಬ ಸಾಧನವಿದೆ. ಮೊದಲು 'ತರಬೇತಿಯಿಂದ ಸರಾಸರಿ ಸಂಬಳದಲ್ಲಿ ಯಾವ ವ್ಯತ್ಯಾಸವೂ ಆಗಿಲ್ಲ' ಎಂದು ಊಹಿಸಿಕೊಳ್ಳಬೇಕು. ಇದು ಶೂನ್ಯ ಊಹೆ. ಈ ಊಹೆ ನಿಜವಾಗಿದ್ದರೆ, ತರಬೇತಿ ಪಡೆದವರಿಗೂ ಪಡೆಯದವರಿಗೂ ನಡುವೆ ಈಗ ಕಂಡಷ್ಟು ದೊಡ್ಡ ಅಂತರ ಬರೀ ಆಕಸ್ಮಿಕವಾಗಿ ಎಷ್ಟು ಸಲ ಕಾಣಿಸೀತು ಎಂದು ಲೆಕ್ಕ ಹಾಕಬೇಕು. ನೂರಕ್ಕೆ ಐದು ಸಲಕ್ಕಿಂತ ಕಡಿಮೆಯಾದರೆ ಊಹೆಯನ್ನು ಕೈಬಿಡುವುದು ರೂಢಿ. ಸಣ್ಣ ಗುಂಪುಗಳ ಸರಾಸರಿಗೆ ಇದನ್ನು ಹೊಂದಿಸಿಕೊಟ್ಟವರು ಡಬ್ಲಿನ್‌ನ ಗಿನ್ನೆಸ್ ಮದ್ಯ ತಯಾರಿಕೆಯ ನೌಕರ ವಿಲಿಯಂ ಗಾಸೆಟ್. 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಅವರು ಪ್ರಕಟಿಸಿದ ಲೇಖನದಿಂದಲೇ ಟಿ-ಪರೀಕ್ಷೆ ಬೆಳೆಯಿತು.

ಈ ಪರೀಕ್ಷೆಯಲ್ಲಿ ಎರಡು ಬಗೆಯ ತಪ್ಪಿಗೆ ಎಡೆಯಿದೆ: ಫಲವಿಲ್ಲದ ಕೋರ್ಸಿಗೆ ಫಲವಿದೆ ಎನ್ನುವುದು, ಫಲವಿರುವ ಕೋರ್ಸಿನ ಫಲ ಕಾಣದೇ ಹೋಗುವುದು. ಎರಡನೆಯದರ ಕಡೆಗೆ ನಮ್ಮ ಗಮನ ಕಡಿಮೆ. ತಲಾ 25 ಜನರ ಎರಡು ಗುಂಪು, ಒಂದಕ್ಕೆ ತರಬೇತಿ ಸಿಕ್ಕಿದೆ, ಇನ್ನೊಂದಕ್ಕೆ ಇಲ್ಲ ಎಂದುಕೊಳ್ಳಿ. ತರಬೇತಿ ನಿಜವಾಗಿಯೂ ತಿಂಗಳಿಗೆ 1,500 ರೂಪಾಯಿ ಹೆಚ್ಚಿಸುತ್ತದೆ. ಒಬ್ಬರಿಂದೊಬ್ಬರಿಗೆ ಸಂಬಳದ ಏರುಪೇರು, ಅಂದರೆ ಮಾನಕ ವಿಚಲನೆ, 4,000 ರೂಪಾಯಿ. ಆಗ ಎರಡು ಸರಾಸರಿಗಳ ಅಂತರದಲ್ಲಿ ಆಕಸ್ಮಿಕದ ಅಳತೆ, ಅಂದರೆ ಮಾನಕ ದೋಷ, ಸುಮಾರು 1,130 ರೂಪಾಯಿ. ಅಂತರ ಇದರ ಎರಡು ಪಟ್ಟನ್ನಾದರೂ ದಾಟದಿದ್ದರೆ ಪರೀಕ್ಷೆ ಅದನ್ನು ಒಪ್ಪದು. ಹೀಗಾಗಿ ನಿಜವಾಗಿ ಫಲ ಕೊಡುವ ಈ ಕೋರ್ಸನ್ನು ನಾಲ್ಕು ಸಲ ಪರೀಕ್ಷಿಸಿದರೆ ಸುಮಾರು ಮೂರು ಸಲ 'ಪುರಾವೆ ಸಾಲದು' ಎಂಬ ಉತ್ತರವೇ ಬರುತ್ತದೆ. ಅದನ್ನು 'ಪ್ರಯೋಜನವಿಲ್ಲ' ಎಂದು ಓದಿಕೊಂಡು ಕೋರ್ಸ್ ನಿಲ್ಲಿಸಿದರೆ ಆ ಹುಡುಗರ ಮುಂದಿನ ಬ್ಯಾಚಿಗೆ ಅನ್ಯಾಯ. ಐದರಲ್ಲಿ ನಾಲ್ಕು ಸಲ ಸರಿಯಾಗಿ ಗುರುತಿಸಲು ಗುಂಪಿಗೆ ಸುಮಾರು 113 ಜನ ಬೇಕು. ಒಂದು ತಾಲ್ಲೂಕಿನ ಒಂದು ಟ್ರೇಡಿನಲ್ಲಿ ಅಷ್ಟು ಜನ ಸಿಗುವುದಿಲ್ಲ.

ಇದರ ಎದುರು ತುದಿಯಲ್ಲಿ ಇನ್ನೊಂದು ಅಪಾಯವಿದೆ. ಇಪ್ಪತ್ತು ಕೋರ್ಸುಗಳಲ್ಲಿ ಒಂದಕ್ಕೂ ಫಲವಿಲ್ಲದಿದ್ದರೂ, ಇಪ್ಪತ್ತನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದಾಗ ಒಂದಾದರೂ 'ಯಶಸ್ವಿ' ಎಂದು ಹೊರಬರುವ ಸಂಭವ ಶೇ. 64. ಆ ಒಂದರ ಚಿತ್ರವೇ ಕರಪತ್ರದ ಮೇಲೆ ಬಂದರೆ ಓದುವವರಿಗೆ ಗೊತ್ತಾಗುವುದಾದರೂ ಹೇಗೆ?

ಹೋಲಿಸಲು ಇನ್ನೊಂದು ಗುಂಪೇ ಇಲ್ಲದಿದ್ದರೆ ಪರೀಕ್ಷೆಯ ಮಾತೇ ಬರುವುದಿಲ್ಲ. 'ಸೇರುವಾಗ 9,000, ಈಗ 14,000' ಎಂಬ ಲೆಕ್ಕ ಆಕರ್ಷಕ. ಆದರೆ ಜನ ತರಬೇತಿಗೆ ಬರುವುದು ಹೆಚ್ಚಾಗಿ ಕೆಲಸ ಕಳೆದುಕೊಂಡಾಗ, ಗಳಿಕೆ ತಗ್ಗಿದಾಗ. ತರಬೇತಿ ಇಲ್ಲದೆಯೂ ಅವರಲ್ಲಿ ಹಲವರ ಗಳಿಕೆ ಮತ್ತೆ ಮೇಲೆ ಬರುತ್ತಿತ್ತು. ಅರ್ಥಶಾಸ್ತ್ರಜ್ಞ ಆರ್ಲಿ ಆಶೆನ್‌ಫೆಲ್ಟರ್ 1978ರಲ್ಲೇ ಇದನ್ನು ತೋರಿಸಿದರು. 1986ರಲ್ಲಿ ರಾಬರ್ಟ್ ಲಾಲಾಂಡ್ ಲಾಟರಿ ಎತ್ತಿ ಆಯ್ಕೆ ಮಾಡಿದ್ದ ಅಮೆರಿಕದ ತರಬೇತಿ ಯೋಜನೆಯೊಂದನ್ನು ತೆಗೆದುಕೊಂಡರು. ಅದೇ ಯೋಜನೆಗೆ ಲಾಟರಿಯಿಲ್ಲದ ಬೇರೆ ವಿಧಾನಗಳಲ್ಲಿ ಲೆಕ್ಕ ಹಾಕಿದಾಗ ಉತ್ತರಗಳು ನಿಜದಿಂದ ಬಹಳ ದೂರ ಹೋಗಿ ಬಿದ್ದವು.

ಲಾಟರಿ ನಮ್ಮ ನೆಲದಲ್ಲೂ ಸಾಧ್ಯ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಅಧ್ವರ್ಯು, ಕಾಲಾ, ನ್ಯಾಷಾಧಮ್ ಎಂಬ ಸಂಶೋಧಕರು ಮಹಿಳಾ ಕಾರ್ಮಿಕರಿಗೆ ಸಂವಹನ, ಸಮಯ ನಿರ್ವಹಣೆಯಂಥ ಕೌಶಲಗಳ ತರಬೇತಿಯನ್ನು ಹೀಗೆಯೇ ಚೀಟಿ ಎತ್ತುವ ಕ್ರಮದಲ್ಲಿ ಹಂಚಿ ಅಳೆದರು. ತರಬೇತಿ ಪಡೆದವರ ಉತ್ಪಾದಕತೆ ಶೇ. 13ಕ್ಕೂ ಹೆಚ್ಚು ಏರಿತು. ಕೂಲಿ ಏರಿದ್ದು ಸುಮಾರು ಅರ್ಧ ಶೇಕಡಾ. ಯಾವ ಸರಾಸರಿಯನ್ನು ಅಳೆಯುತ್ತೇವೆ ಎಂಬುದರ ಮೇಲೆ ಯಾರಿಗೆ ಲಾಭ ಎಂಬ ಉತ್ತರ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಅಭಿವೃದ್ಧಿಶೀಲ ದೇಶಗಳ ಇಂಥ ಪ್ರಯೋಗಗಳನ್ನು ಒಟ್ಟಿಗೆ ನೋಡಿದ ವಿಶ್ವಬ್ಯಾಂಕಿನ ಡೇವಿಡ್ ಮೆಕೆಂಜಿ 2017ರಲ್ಲಿ ಕಂಡುಕೊಂಡದ್ದು ತಣ್ಣನೆಯ ಸತ್ಯ: ನೂರು ಜನರಿಗೆ ವೃತ್ತಿ ತರಬೇತಿ ಕೊಟ್ಟರೆ, ಅದಿಲ್ಲದೆ ಸಿಗುತ್ತಿರದ ಕೆಲಸ ಸಿಗುವುದು ಮೂವರಿಗೂ ಕಡಿಮೆ ಜನಕ್ಕೆ. ನಾವು ರಕ್ಷಾಕವಚ ಎಂದು ನಂಬಿಕೊಂಡಿರುವ ತರಬೇತಿ ಸರಾಸರಿಯಲ್ಲಿ ಇಷ್ಟು ತೆಳು. ಕೆಲವು ತರಬೇತಿಗಳು ಇದಕ್ಕಿಂತ ಬಹಳ ಚೆನ್ನಾಗಿ ಕೆಲಸ ಮಾಡುತ್ತಿರಬಹುದು, ಕೆಲವು ಏನೂ ಮಾಡದಿರಬಹುದು. ಅವನ್ನು ಬೇರ್ಪಡಿಸುವ ಅಳತೆಯಿಲ್ಲದೆ ಎಲ್ಲದಕ್ಕೂ ಒಂದೇ ಸಮ ಹಣ ಸುರಿಯುತ್ತಾ ಹೋದರೆ, ಯಂತ್ರಗಳು ನೆಲೆಯೂರುವ ಹೊತ್ತಿಗೆ ನಮ್ಮ ಕೈಯಲ್ಲಿ ಪ್ರಮಾಣಪತ್ರಗಳು ಮಾತ್ರ ಇರುತ್ತವೆ. ಇಷ್ಟು ಸಣ್ಣ ಪರಿಣಾಮವನ್ನು ಖಚಿತವಾಗಿ ಗುರುತಿಸಲು ನನ್ನ ಲೆಕ್ಕದಲ್ಲಿ ಗುಂಪಿಗೆ ಏಳು ಸಾವಿರ ಜನರಾದರೂ ಬೇಕು. ತುಮಕೂರಿಗೆ ಒಂಟಿಯಾಗಿ ಅದು ಆಗದ ಮಾತು. 150 ಐಟಿಐಗಳ ಲೆಕ್ಕ ಒಂದೆಡೆ ಸೇರಿದರೆ ಆಗುತ್ತದೆ.

ಕೌಶಲಾಭಿವೃದ್ಧಿ ಇಲಾಖೆಗೆ ಕೇಳುವುದು ಇಷ್ಟು: ಸೀಟಿಗಿಂತ ಅರ್ಜಿ ಹೆಚ್ಚಿರುವ ಅಲ್ಪಾವಧಿ ಕೋರ್ಸುಗಳಲ್ಲಿ ಅರ್ಹರ ನಡುವೆ ಚೀಟಿ ಎತ್ತಿ. ಸೇರಿದವರು, ಸೀಟು ಸಿಗದವರು, ಅರ್ಧಕ್ಕೆ ಬಿಟ್ಟವರು, ಎಲ್ಲರ ಗಳಿಕೆಯನ್ನು ಸೇರುವ ಮುನ್ನ, ಆರು ತಿಂಗಳ ಬಳಿಕ, ವರ್ಷದ ಬಳಿಕ ದಾಖಲಿಸಿ. ಕೆಲಸವಿಲ್ಲದವರ ಗಳಿಕೆಯನ್ನು ಸೊನ್ನೆ ಎಂದೇ ಬರೆಯಿರಿ, ಪಟ್ಟಿಯಿಂದ ಬಿಡಬೇಡಿ. ಸರಾಸರಿಯ ಪಕ್ಕದಲ್ಲಿ ಮಾನಕ ದೋಷವನ್ನೂ ಅಚ್ಚು ಹಾಕಿ. ಗುಬ್ಬಿಯಲ್ಲೋ ಕುಣಿಗಲ್‌ನಲ್ಲೋ ಮಗನನ್ನು, ಮಗಳನ್ನು ಕೋರ್ಸಿಗೆ ಸೇರಿಸಲು ಹೊರಟ ತಂದೆತಾಯಿಗಳು ಶುಲ್ಕ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಲಿ: ಕಳೆದ ವರ್ಷ ಸೇರಿದವರು ಒಟ್ಟು ಎಷ್ಟು ಮಂದಿ, ಅವರೆಲ್ಲರೂ ಈಗ ಎಲ್ಲಿದ್ದಾರೆ?