ಕಪ್ಪು ಬಣ್ಣ, ಕನ್ನಡ ಶಾಲೆ

ಹಿಂದೂಪುರ, ಕಲ್ಯಾಣದುರ್ಗ ಸೀಮೆಯ ಹಳೆಯ ಹಾಜರಿ ಪುಸ್ತಕಗಳಲ್ಲಿ ಕರಿಯಣ್ಣ, ಕರಿಯಮ್ಮ ಎಂಬ ಹೆಸರುಗಳು ಅಪರೂಪವಲ್ಲ. ಕರಿಯಮ್ಮ ಎಂದರೆ ಗ್ರಾಮದೇವತೆ. ತಮಿಳರಿಗೆ ಕರುಪ್ಪಸಾಮಿ ಊರು ಕಾಯುವ ದೇವರು. ಕೃಷ್ಣ ಎಂದರೂ ಕಪ್ಪೇ. ಗುಡಿಯಲ್ಲಿ ನಾವು ಕೈಮುಗಿಯುವ ಈ ಬಣ್ಣ ಶಾಲೆಯ ಹೊಸ್ತಿಲು ದಾಟಿದ ಕೂಡಲೇ ಬೈಗುಳವಾಗುತ್ತದೆ. 'ಏ ಕರಿಯಾ' ಎಂದು ಕೂಗುವವರು ಮಕ್ಕಳು ಮಾತ್ರ ಅಲ್ಲ. ವಾರ್ಷಿಕೋತ್ಸವದ ನಾಟಕದಲ್ಲಿ ರಾಕ್ಷಸ ಯಾರು, ಅತಿಥಿಗಳಿಗೆ ಹೂವು ಕೊಡುವವರು ಯಾರು ಎಂದು ಆರಿಸುವವರು ಮೇಷ್ಟ್ರುಗಳೇ.

ಇದೇ ಮಾತು ಉತ್ತರ ಕನ್ನಡದ ಸಿದ್ದಿ ಮಕ್ಕಳಿಗೆ ಇನ್ನೂ ಭಾರ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡಂಚಿನಲ್ಲಿರುವ ಇವರ ಹಿರಿಯರು ಆಫ್ರಿಕಾದಿಂದ ಗುಲಾಮರಾಗಿ ಬಂದವರು. ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರಲ್ಲಿ ಹಲವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಮನೆಯಲ್ಲಿ ತೆಲುಗನ್ನೋ ಲಂಬಾಣಿಯನ್ನೋ ಆಡಿ ಕನ್ನಡ ಶಾಲೆಗೆ ಬರುವ ನಮ್ಮ ಗಡಿಯ ಮಗುವಿನಂತೆಯೇ ಇದು. ಆದರೆ ನಮ್ಮ ಮಗುವನ್ನು 'ನೀನು ಯಾವ ದೇಶದವನು' ಎಂದು ಯಾರೂ ಕೇಳುವುದಿಲ್ಲ. ಈ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಹೊರಗಿನವರು ಇವರನ್ನು ಹೆಚ್ಚಾಗಿ ಕರೆದದ್ದು ಎರಡಕ್ಕೆ: ಓಟಕ್ಕೆ, ಕುಣಿತಕ್ಕೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಡಮಾಮಿ ಕುಣಿತ ವೇದಿಕೆಗಳಲ್ಲಿ ನಡೆದೇ ಇದೆ. ನನಗೆ ತೃಪ್ತಿ ಕೊಡುವುದು ಬೇರೊಂದು ಕೆಲಸ: ಚಿದಂಬರರಾವ್ ಜಂಬೆಯವರು ಸಿದ್ದಿಗಳನ್ನೇ ಕೂಡಿಸಿ, ನೈಜೀರಿಯದ ಚಿನುವ ಅಚಿಬೆಯ ಕಾದಂಬರಿಯನ್ನು ಕನ್ನಡದಲ್ಲಿ ರಂಗಕ್ಕೆ ತಂದದ್ದು. ಅಲ್ಲಿ ಅವರ ಮೈಕಟ್ಟಿನ ಜೊತೆಗೆ ಅವರ ಹಿಂದಿನ ಕಥೆಗೂ ಜಾಗವಿತ್ತು.

ತರಗತಿಯಲ್ಲಿ ಇದನ್ನು ಮಾಡುವುದು ಕಷ್ಟವೇನಲ್ಲ. ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಕವದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಬಟ್ಟೆ ಮಡಿಚಿ ತ್ರಿಕೋನದ ಹೂವು ಕೂಡಿಸುತ್ತಾರೆ. ಆಯತ, ತ್ರಿಕೋನ, ಸುತ್ತಳತೆ, ವಿಸ್ತೀರ್ಣ ಎಲ್ಲವೂ ಅದರಲ್ಲೇ ಇವೆ. ಅಜ್ಜಿಯನ್ನೇ ಒಂದು ದಿನ ಶಾಲೆಗೆ ಕರೆದರಾಯಿತು. ಚರಿತ್ರೆಗೆ ಮಲಿಕ್ ಅಂಬರ್ ಇದ್ದಾನೆ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ದಖ್ಖನಿನ ಅಹಮದ್‌ನಗರ ರಾಜ್ಯವನ್ನು ನಡೆಸಿದವನು, ಜಹಾಂಗೀರನ ಸೈನ್ಯವನ್ನು ವರ್ಷಗಟ್ಟಲೆ ತಡೆದವನು, 1626ರಲ್ಲಿ ತೀರಿಕೊಂಡವನು. ಅವನ ಹೆಸರು ಹೇಳುವಾಗ ಹುಟ್ಟಿದ ನಾಡನ್ನೂ ಭೂಪಟದಲ್ಲಿ ತೋರಿಸಬೇಕು.

'ಬಣ್ಣದ ಮಾತು ಎತ್ತುವುದೇ ಬೇಡ, ಎಲ್ಲ ಮಕ್ಕಳೂ ಒಂದೇ' ಎನ್ನುವ ಶಿಕ್ಷಕರಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ನಾವು ಸುಮ್ಮನಿದ್ದರೆ ಮಗು ಬೇರೆ ಕಡೆಯಿಂದ ಕಲಿಯುತ್ತದೆ. 1940ರ ದಶಕದಲ್ಲಿ ಅಮೆರಿಕದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ ಬಣ್ಣವೊಂದನ್ನು ಬಿಟ್ಟು ಬೇರೆಲ್ಲ ಒಂದೇ ಆಗಿದ್ದ ಗೊಂಬೆಗಳನ್ನು ಕಪ್ಪು ಮಕ್ಕಳ ಮುಂದಿಟ್ಟರು. ಒಳ್ಳೆಯ ಗೊಂಬೆ ಯಾವುದು ಎಂದಾಗ ಹೆಚ್ಚಿನ ಮಕ್ಕಳು ಬಿಳಿಯದನ್ನು ತೋರಿಸಿದರು. 1954ರಲ್ಲಿ ಶಾಲೆಗಳಲ್ಲಿನ ವರ್ಣಭೇದ ತಪ್ಪೆಂದು ತೀರ್ಪಿತ್ತ ಅಲ್ಲಿನ ಸುಪ್ರೀಂ ಕೋರ್ಟ್ ಈ ಕೆಲಸವನ್ನೂ ಹೆಸರಿಸಿತು. ಆ ಮಕ್ಕಳು ಆಗಿನ್ನೂ ಮೂರರಿಂದ ಏಳು ವರ್ಷದವರು. ನಮ್ಮಲ್ಲಾದರೆ ಅಂಗನವಾಡಿ, ಒಂದನೇ ತರಗತಿ.

ನಮ್ಮ ಭಾಗದಲ್ಲಿ ಕವದಿಯ ಜಾಗದಲ್ಲಿ ಕುರುಬರ ಕರಿ ಕಂಬಳಿ ಇದೆ, ತಾಂಡಾದ ಕಸೂತಿ ಇದೆ. ಕರಿಯಮ್ಮನ ಪರಿಷೆ ಯಾವ ತಿಂಗಳು, ಯಾಕೆ ಎಂಬುದನ್ನು ಆ ಹೆಸರಿನ ಹುಡುಗಿಯೇ ಎದ್ದು ನಿಂತು ತರಗತಿಗೆ ಹೇಳಬಹುದು.