ಸಾಕಿದ ನಾಯಿ ತೀರಿಕೊಂಡ ಮನೆಗೆ ಹೊಸ ಮರಿ: ಶ್ರಾವಕರು ತಿಳಿದಿರಬೇಕಾದ ಸಂಗತಿಗಳು

ಹತ್ತು ಹನ್ನೆರಡು ವರ್ಷ ಮನೆಯ ಜಗಲಿಯಲ್ಲಿ ಮಲಗಿದ್ದ ನಾಯಿ ಒಂದು ದಿನ ಇಲ್ಲವಾದರೆ ಮನೆಯೇ ಬಿಕೋ ಎನ್ನುತ್ತದೆ. ಬಸದಿಯಿಂದ ಮರಳಿ ಬಂದಾಗ ಗೇಟಿನ ಬಳಿ ಓಡಿ ಬರುವ ಜೀವ ಇರುವುದಿಲ್ಲ. ಮಕ್ಕಳಿಗೆ ಊಟ ಸೇರುವುದಿಲ್ಲ. ಕೆಲವು ದಿನ ಕಳೆದ ಮೇಲೆ ಒಬ್ಬರು 'ಇನ್ನೊಂದು ಮರಿ ತರೋಣ' ಎನ್ನುತ್ತಾರೆ. 'ಇನ್ನು ಆ ಮೋಹವೇ ಬೇಡ' ಎಂದು ಹಿರಿಯರು ಹೇಳುತ್ತಾರೆ. ಎರಡು ಮಾತಿಗೂ ಅರ್ಥವಿದೆ. ನಿರ್ಧರಿಸುವ ಮೊದಲು ಧರ್ಮದ ಕಡೆಯಿಂದಲೂ ಪಶುವೈದ್ಯದ ಕಡೆಯಿಂದಲೂ ಯೋಚಿಸಬೇಕಾದ ವಿಷಯಗಳು ಇಲ್ಲಿವೆ.

ದುಃಖದ ಬಗ್ಗೆ

ಪ್ರಿಯವಾದುದನ್ನು ಕಳೆದುಕೊಂಡು ಅದನ್ನೇ ಮತ್ತೆ ಮತ್ತೆ ಚಿಂತಿಸುವುದು ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಒಂದು. ಅದಕ್ಕೆ ಇಷ್ಟವಿಯೋಗಜ ಎಂದು ಹೆಸರು. ಹಾಗೆಂದು ಅಳುವ ಮಗುವಿಗೆ 'ನಾಯಿಗಾಗಿ ಅಳುತ್ತೀಯಾ' ಎಂದು ಗದರುವುದು ಸರಿಯಲ್ಲ. ನಾಯಿ ಮನಸ್ಸುಳ್ಳ ಪಂಚೇಂದ್ರಿಯ ಜೀವಿ. ಸಂಜ್ಞಿ ಪಂಚೇಂದ್ರಿಯ ತಿರ್ಯಂಚರಿಗೆ ಸಮ್ಯಗ್ದರ್ಶನವೂ ಅಣುವ್ರತವೂ ಸಾಧ್ಯ ಎಂದು ನಮ್ಮ ಆಗಮ ಒಪ್ಪುತ್ತದೆ. ಅಂಥ ಜೀವದ ಅಗಲಿಕೆಗೆ ಮನಸ್ಸು ನೋಯುವುದು ಸಹಜ. ಅತ್ತು ಹಗುರಾದ ಮೇಲೆ ಅನಿತ್ಯ ಭಾವನೆಯನ್ನು ಮಕ್ಕಳಿಗೆ ತಿಳಿಯುವಂತೆ ಹೇಳಿಕೊಡಲು ಇದಕ್ಕಿಂತ ತಕ್ಕ ಸಮಯವಿಲ್ಲ.

ಹೊಸ ಮರಿ ತರಲು ಇಷ್ಟೇ ದಿನ ಕಾಯಬೇಕೆಂಬ ನಿಯಮವಿಲ್ಲ. 'ಇದು ನಮ್ಮ ದುಃಖ ಮರೆಸಲಿ' ಎಂಬುದೊಂದೇ ಆಸೆಯಾಗಿದ್ದರೆ ಇನ್ನೂ ಸ್ವಲ್ಪ ದಿನ ತಡೆಯುವುದು ಒಳ್ಳೆಯದು. ಮರಿ ಕಚ್ಚುತ್ತದೆ, ರಾತ್ರಿ ಕುಂಯ್‌ಗುಡುತ್ತದೆ, ಚಪ್ಪಲಿ ಹರಿಯುತ್ತದೆ. ಹಳೆಯ ನಾಯಿಯ ಶಾಂತ ಮುದಿತನವನ್ನು ಅದರಲ್ಲಿ ಹುಡುಕಿದರೆ ಸಿಗುವುದಿಲ್ಲ. 'ಇನ್ನೊಂದು ಜೀವವನ್ನು ಅದರ ಕೊನೆಯ ದಿನದವರೆಗೆ ನೋಡಿಕೊಳ್ಳುತ್ತೇವೆ' ಎಂದು ಮನೆಯವರೆಲ್ಲ ಒಪ್ಪಿದಾಗ ಸಮಯ ಬಂದಿದೆ ಎಂದು ತಿಳಿಯಬಹುದು.

ಜೀವಂಧರ ಮತ್ತು ನಾಯಿ

ನಮ್ಮಲ್ಲಿ ನಾಯಿಯ ಮಾತು ಬಂದಾಗ ಹಿರಿಯರು ಜೀವಂಧರ ಸ್ವಾಮಿಯ ಕಥೆ ಹೇಳುತ್ತಾರೆ. ಯಜ್ಞದ ಹವಿಸ್ಸನ್ನು ಮುಟ್ಟಿತೆಂದು ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯನ್ನು ಕುಮಾರ ಕಂಡ. ಉಳಿಸಲು ಸಾಧ್ಯವಾಗದಿದ್ದಾಗ ಅದರ ಕಿವಿಯಲ್ಲಿ ಪಂಚ ನಮಸ್ಕಾರ ಮಂತ್ರ ಹೇಳಿದ. ಆ ಜೀವ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಮುಂದೆ ಕುಮಾರನ ಕಷ್ಟಕಾಲದಲ್ಲಿ ನೆರವಿಗೆ ಬಂತು. ವಾದೀಭಸಿಂಹ ಸೂರಿಯ ಕ್ಷತ್ರಚೂಡಾಮಣಿಯಲ್ಲಿ ಈ ಕಥೆಯಿದೆ. ಕನ್ನಡದಲ್ಲಿ ಭಾಸ್ಕರ ಕವಿ 1424ರಲ್ಲಿ ಭಾಮಿನಿ ಷಟ್ಪದಿಯಲ್ಲಿ ಜೀವಂಧರ ಚರಿತೆಯನ್ನು ರಚಿಸಿದ. ಕೊನೆಗಾಲದಲ್ಲಿ ನಾಯಿಯ ಪಕ್ಕ ಕುಳಿತು ಣಮೋಕಾರ ಹೇಳಿದ ಮನೆಯವರಿಗೆ ಈ ಕಥೆ ಸಮಾಧಾನ ಕೊಡುತ್ತದೆ.

ಮರಿಯನ್ನು ಎಲ್ಲಿಂದ ತರಬೇಕು?

ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸಿದ ಆಚಾರ್ಯರಿದ್ದಾರೆ. ಆದ್ದರಿಂದ ಹಿರಿಯರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಬೇಟೆಗೆಂದೋ ಮರಿ ಮಾಡಿ ಮಾರಲೆಂದೋ ಸಾಕುವುದು ಬೇರೆ, ಬೀದಿಯಲ್ಲಿ ತಾಯಿ ಕಳೆದುಕೊಂಡ ಮರಿಗೆ ಆಶ್ರಯ ಕೊಡುವುದು ಬೇರೆ. ಎರಡನೆಯದು ಕರುಣಾದಾನದ ಸಾಲಿಗೆ ಸೇರುತ್ತದೆ. ಜಾತಿ ನಾಯಿಯನ್ನು ಹಣ ಕೊಟ್ಟು ಕೊಂಡರೆ ತಾಯಿನಾಯಿಯನ್ನು ಪದೇ ಪದೇ ಬಸುರಾಗಿಸುವ ವ್ಯಾಪಾರಕ್ಕೆ ನಮ್ಮ ಹಣ ಹೋಗಬಹುದು. ಊರಿನ ನಾಯಿಮರಿ ನಮ್ಮ ಹವೆಗೆ ಒಗ್ಗಿಕೊಂಡಿರುತ್ತದೆ, ಮನೆಯ ಕಾವಲಿಗೂ ಸಾಕು.

ಎಲ್ಲಿಂದ ತಂದರೂ 8 ವಾರ ತುಂಬುವವರೆಗೆ ಮರಿ ತಾಯಿಯ ಜೊತೆಗಿರಲಿ. 2017ರ ಕೇಂದ್ರ ನಿಯಮಗಳ ಪ್ರಕಾರ ಅದಕ್ಕಿಂತ ಚಿಕ್ಕ ಮರಿಯನ್ನು ಮಾರುವಂತಿಲ್ಲ.

ಹಳೆಯ ನಾಯಿ ಯಾವ ರೋಗದಿಂದ ಹೋಯಿತು?

ಇದನ್ನು ಮರೆಯುವವರೇ ಹೆಚ್ಚು. ರಕ್ತಭೇದಿ, ವಾಂತಿಯಾಗಿ ಪಾರ್ವೊ ರೋಗದಿಂದ ನಾಯಿ ಸತ್ತಿದ್ದರೆ ಆ ವೈರಾಣು ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಉಳಿಯುತ್ತದೆ. ಅಂಥ ಮನೆಗೆ ಲಸಿಕೆಯಿಲ್ಲದ ಮರಿ ತಂದರೆ ಅದನ್ನೂ ಕಳೆದುಕೊಳ್ಳಬೇಕಾದೀತು. ಹಳೆಯ ಹಾಸಿಗೆ, ಬಟ್ಟಲು ಬಳಸಬೇಡಿ. ನೆಲವನ್ನು ಮೆತ್ತನೆಯ ಪೊರಕೆಯಿಂದ ಗುಡಿಸಿ ಸಣ್ಣ ಜೀವಿಗಳನ್ನು ಸರಿಸಿ, ತೊಳೆದು, ಅನಂತರ 1 ಪಾಲು ಬ್ಲೀಚ್ ದ್ರಾವಣಕ್ಕೆ ಸುಮಾರು 30 ಪಾಲು ನೀರು ಬೆರೆಸಿ ಒರೆಸಿ 10 ನಿಮಿಷ ಬಿಡಿ. ಮಣ್ಣಿನ ಅಂಗಳವನ್ನು ಹೀಗೆ ಶುದ್ಧಿ ಮಾಡಲಾಗದು. ಲಸಿಕೆ ಪೂರ್ಣಗೊಂಡ, ಸ್ವಲ್ಪ ದೊಡ್ಡ ನಾಯಿಯನ್ನು ತರುವುದೇ ಅಲ್ಲಿ ಸುರಕ್ಷಿತ.

ಮರಿಗೆ 6ರಿಂದ 8 ವಾರಕ್ಕೆ ಮೊದಲ ಲಸಿಕೆ, ಅನಂತರ 3-4 ವಾರಕ್ಕೊಮ್ಮೆ, 16 ವಾರದವರೆಗೆ. ಸುಮಾರು 3 ತಿಂಗಳಿಗೆ ರೇಬೀಸ್ ಲಸಿಕೆ. ಜಂತುಹುಳದ ಔಷಧಿಯನ್ನು ವೈದ್ಯರು ಹೇಳಿದಂತೆ ಕೊಡಿ. ಲಸಿಕೆ ಪೂರ್ತಿಯಾಗದ ಮರಿ ಆಟದಲ್ಲಿ ಹಲ್ಲು ತಾಗಿಸಿದರೂ ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಉಣ್ಣೆಗಳ ವಿಷಯ ನಮ್ಮವರನ್ನು ಕಾಡುತ್ತದೆ. ದಿನವೂ ಮೈ ಬಾಚಿ, ಮಲಗುವ ಜಾಗ ಒಣಗಿರುವಂತೆ ನೋಡಿಕೊಂಡರೆ ಅವು ಹೆಚ್ಚುವುದು ಕಡಿಮೆ. ಹೆಚ್ಚಿದ ಮೇಲೆ ಸಾವಿರಗಟ್ಟಲೆ ಕೊಲ್ಲುವುದಕ್ಕಿಂತ ಬಾರದಂತೆ ತಡೆಯುವುದರಲ್ಲಿ ಹಿಂಸೆ ಕಡಿಮೆ. ಉಣ್ಣೆಜ್ವರ ಪ್ರಾಣ ತೆಗೆಯಬಲ್ಲದು, ಹಾಗಾಗಿ ವೈದ್ಯರು ಹೇಳುವ ಮುಂಜಾಗ್ರತೆಯನ್ನು ಬೇಡವೆನ್ನಬೇಡಿ.

ಐದು ಅತಿಚಾರಗಳೇ ಕೈಪಿಡಿ

ತತ್ತ್ವಾರ್ಥಸೂತ್ರ ಹೇಳುವ ಅಹಿಂಸಾಣುವ್ರತದ ಐದು ಅತಿಚಾರಗಳು ಸಾಕುಪ್ರಾಣಿಗೆ ಹಾಗೇ ಅನ್ವಯಿಸುತ್ತವೆ.

ಬಂಧ: ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕುವುದು. ವಧ: ಮನೆಯೊಳಗೆ ಗಲೀಜು ಮಾಡಿತೆಂದು ಹೊಡೆಯುವುದು. ಛೇದ: ಚೆಂದಕ್ಕೆಂದು ಕಿವಿ, ಬಾಲ ಕತ್ತರಿಸುವುದು. ಅತಿಭಾರಾರೋಪಣ: ಎಳೆಯ ಮರಿಯನ್ನು ಶಕ್ತಿಮೀರಿ ಓಡಿಸುವುದು, ಅದರಿಂದ ಕಾವಲು ಬಯಸುವುದು. ಅನ್ನಪಾನನಿರೋಧ: ಊರಿಗೆ ಹೋಗುವಾಗ ಅನ್ನ, ನೀರಿಗೆ ವ್ಯವಸ್ಥೆ ಮಾಡದೆ ಬಿಡುವುದು.

ಈ ಐದನ್ನು ಕಾಗದದಲ್ಲಿ ಬರೆದು ಮಕ್ಕಳ ಕೈಗೆ ಕೊಡಿ. ಹೊಸ ಮರಿಯ ಜೊತೆ ವ್ರತದ ಪಾಠವೂ ಆಗುತ್ತದೆ.

ಊಟ ಮತ್ತು ಮನೆಯ ನಿಯಮ

ಬೆಕ್ಕಿಗೆ ಮಾಂಸವಿಲ್ಲದೆ ಆಗುವುದಿಲ್ಲ. ನಾಯಿ ಹಾಗಲ್ಲ, ಪಿಷ್ಟವನ್ನು ಜೀರ್ಣಿಸಿಕೊಳ್ಳಬಲ್ಲದು. ಸರಿಯಾಗಿ ಯೋಜಿಸಿದ ಸಸ್ಯಾಹಾರದಲ್ಲಿ ಅದು ಆರೋಗ್ಯವಾಗಿರಬಹುದು. ಆದರೆ ಬೆಳೆಯುವ ಮರಿಗೆ ಮೊಸರನ್ನ ಒಂದೇ ಸಾಲದು. ಪ್ರೋಟೀನ್, ಕ್ಯಾಲ್ಸಿಯಂ, ಬಿ12 ಜೀವಸತ್ವಗಳ ಬಗ್ಗೆ ವೈದ್ಯರನ್ನು ಕೇಳಿ, ತೂಕ ನೋಡುತ್ತಿರಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ನಮ್ಮ ಅನೇಕ ಮನೆಗಳಲ್ಲಿ ಅವು ಇಲ್ಲದಿರುವುದು ಅನುಕೂಲವೇ. ಆದರೆ ಪಾಯಸದ ಒಣದ್ರಾಕ್ಷಿ, ದ್ರಾಕ್ಷಿಹಣ್ಣು, ಚಾಕೊಲೇಟ್ ಕೂಡ ಅಪಾಯ ಎಂಬುದು ನೆನಪಿರಲಿ. ಮರಿಗೆ ದಿನಕ್ಕೆ 3-4 ಸಲ ಊಟ ಬೇಕು. ಸೂರ್ಯಾಸ್ತದೊಳಗೆ ಮುಗಿಯುವಂತೆ ಹೊತ್ತು ಹೊಂದಿಸಿಕೊಳ್ಳಬಹುದು. ಆದರೆ ನೀರನ್ನು ತಡೆಯಬಾರದು, ಕಾಯಿಲೆಯ ಮರಿಗೆ ವೈದ್ಯರ ಮಾತೇ ನಿಯಮ.

ಅಡುಗೆಮನೆ, ದೇವರ ಕೋಣೆಗೆ ಬಾರದಂತೆ ಮೊದಲ ದಿನದಿಂದಲೇ ರೂಢಿ ಮಾಡಿಸಿ. ಮುನಿಗಳ ಆಹಾರದ ದಿನ ಮರಿಯನ್ನು ಬೇರೆ ಮನೆಯಲ್ಲೋ ದೂರದ ಕೋಣೆಯಲ್ಲೋ ಇರಿಸಿ. ಕಾಲುಗಳ ನಡುವೆ ಜೀವಿ ಹಾದುಹೋದರೂ ಮುನಿಗಳಿಗೆ ಅಂತರಾಯವಾಗುತ್ತದೆ.

ಹೆಸರು

ಹಳೆಯ ನಾಯಿಯ ಹೆಸರನ್ನೇ ಮರಿಗೆ ಇಡಬೇಡಿ. ಪ್ರತಿ ಜೀವವೂ ತನ್ನ ಕರ್ಮವನ್ನು ಹೊತ್ತು ಬಂದ ಬೇರೆ ಜೀವ. ಹಳೆಯದರ ಫೋಟೊ ಗೋಡೆಯ ಮೇಲಿರಲಿ, ಅದರ ಮಾತು ಮನೆಯಲ್ಲಿ ನಡೆಯಲಿ. ಹೊಸದಕ್ಕೆ ಹೊಸ ಹೆಸರು ಹುಡುಕುವ ಕೆಲಸವನ್ನು ಹೆಚ್ಚು ಅತ್ತ ಮಗುವಿಗೇ ಕೊಡಿ.